ಕಿಸೆಯ ಚಾಕು, ಹತ್ತು ಜನರ ಕೈ

(ಹಳೆ ಚಾಕು, ಅಡಕತ್ತರಿ ಕೂಡಿಡುವ ಗೆಳೆಯರು ಕಾರವಾರದಲ್ಲಿ ಸೇರಿದ್ದಾಗ ಆಡಿದ ಮಾತು ಇದು. ಬರೆಯುವಾಗ ಅಲ್ಲಲ್ಲಿ ತಿದ್ದಿದ್ದೇನೆ. ಸಭೆಯವರು ಕೇಳಿದ ಕೆಲವು ಪ್ರಶ್ನೆಗಳನ್ನು ಮಾತಿನ ನಡುವೆಯೇ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಅಂಕೋಲಾ, ಕುಮಟಾ ಕಡೆಯವರು ಇದ್ದೀರಿ. ಘಟ್ಟ ಇಳಿದು ಶಿರಸಿಯಿಂದ ಬಂದವರೂ ಇದ್ದೀರಿ. ನಾಣ್ಯ ಕೂಡಿಡುತ್ತೇನೆ ಅಂದರೆ ಜನ ತಲೆ ಆಡಿಸುತ್ತಾರೆ. ಚಾಕು ಕೂಡಿಡುತ್ತೇನೆ ಅಂದರೆ ಮಾತ್ರ ಮುಖ ನೋಡುತ್ತಾರೆ. ಹಾಗಾಗಿ ಮೊದಲೇ ಹೇಳಿಬಿಡುತ್ತೇನೆ. ನಾವು ಮಾತಾಡುವುದು ಕಿಸೆಯಲ್ಲಿ ಹಿಡಿಸುವ, ಮಡಚುವ, ಕೆಲಸದ ಚಾಕುವಿನ ಬಗ್ಗೆ. ಆಯುಧ ಕಾಯ್ದೆಯ ನಿಯಮಗಳಲ್ಲಿ ಅಲಗು 9 ಇಂಚಿಗಿಂತ ಉದ್ದ ಇದ್ದರೆ ಅಥವಾ 2 ಇಂಚಿಗಿಂತ ಅಗಲ ಇದ್ದರೆ ಅದು ಆಯುಧದ ಸಾಲಿಗೆ ಬರುತ್ತದೆ. ಮನೆ, ಹೊಲದ ಕೆಲಸಕ್ಕೆಂದೇ ಮಾಡಿದ್ದು ಆ ಲೆಕ್ಕಕ್ಕೆ ಬರುವುದಿಲ್ಲ. ಈ ಟೇಬಲ್ ಮೇಲೆ ಇರುವುದರಲ್ಲಿ ಎಲ್ಲಕ್ಕಿಂತ ದೊಡ್ಡ ಅಲಗು 4 ಇಂಚು ಕೂಡ ಇಲ್ಲ.

ರಾಂಪುರಿ, ಅಂದರೆ ಉತ್ತರ ಪ್ರದೇಶದ ರಾಂಪುರದ ಮಡಚುವ ಚಾಕು, ತಂದಿದ್ದೀರಾ ಅಂತ ಬಾಗಿಲಲ್ಲೇ ಒಬ್ಬರು ಕೇಳಿದರು. ತಂದಿಲ್ಲ. ಹಿಂದಿ ಸಿನಿಮಾದ ಖಳನಾಯಕರು ಅದಕ್ಕೆ ಸಾಕಷ್ಟು ಪ್ರಚಾರ ಕೊಟ್ಟಿದ್ದಾರೆ, ನನ್ನ ಸಹಾಯ ಬೇಕಾಗಿಲ್ಲ. ಉತ್ತರ ಪ್ರದೇಶದಲ್ಲಿ 1990ರ ದಶಕದಲ್ಲಿ ನಾಲ್ಕೂವರೆ ಇಂಚಿಗಿಂತ ಉದ್ದದ್ದನ್ನು ನಿಷೇಧಿಸಿದರು. ಆಮೇಲೆ ಅಲ್ಲಿನ ಕಸುಬುದಾರರು ಸೊರಗಿದರು. 2023ರಲ್ಲಿ ಅದೇ ರಾಂಪುರದ ಚೌಕದಲ್ಲಿ ಸುಮಾರು 20 ಅಡಿ ಉದ್ದದ ಚಾಕು ನಿಲ್ಲಿಸಿದ್ದಾರೆ. ಮಾಡುವವರು ಕಡಿಮೆಯಾದ ಮೇಲೆ ಸ್ಮಾರಕ ದೊಡ್ಡದಾಗುತ್ತದೆ, ಅಲ್ವಾ?

ನಾನು ಇವತ್ತು ಹೇಳಬೇಕೆಂದಿರುವುದು ಒಂದೇ. ಹಳೆ ಚಾಕು ಒಬ್ಬರ ಕಣ್ಣಿಗೆ ಪೂರ್ತಿ ಕಾಣುವುದಿಲ್ಲ. ಕಬ್ಬಿಣದ ಕೆಲಸ ಗೊತ್ತಿದ್ದವರಿಗೆ ಒಂದು ಕಾಣುತ್ತದೆ, ತೋಟದವರಿಗೆ ಇನ್ನೊಂದು, ಬೋಟಿನವರಿಗೆ ಮತ್ತೊಂದು. ಅದಕ್ಕೇ ಈ ಹವ್ಯಾಸವನ್ನು ಮನೆಯ ಕಪಾಟಿನಲ್ಲಿ ಒಬ್ಬರೇ ಕೂತು ಮಾಡಲು ಆಗುವುದಿಲ್ಲ. ಗೆಳೆಯರ ಕೈಗೆ ಕೊಡುವುದನ್ನು ದೊಡ್ಡ ಮನಸ್ಸು ಅಂತ ಯಾರೂ ಹೊಗಳಬೇಕಾಗಿಲ್ಲ. ಕೊಡದಿದ್ದರೆ ನಮ್ಮ ಹತ್ತಿರ ಏನಿದೆ ಅಂತ ನಮಗೇ ತಿಳಿಯುವುದಿಲ್ಲ.

ಈ ಎರಡು ಚಾಕುಗಳನ್ನು ನೋಡಿ. ಮೊದಲನೆಯದರ ಅಲಗಿಗೆ ಚೂಪು ಮೂತಿ ಇಲ್ಲ. ಬಾಯಿ, ಅಂದರೆ ಕೊಯ್ಯುವ ಅಂಚು, ನೇರ ಇದೆ, ಬೆನ್ನು ಮುಂದೆ ಹೋಗುತ್ತಾ ಬಾಗಿ ಕೆಳಗೆ ಇಳಿಯುತ್ತದೆ. ಬೆನ್ನಿನ ಮೇಲೆ ಉದ್ದಕ್ಕೂ ಸಣ್ಣ ಸಣ್ಣ ತಗ್ಗು. ಸಂಗ್ರಹಕಾರರು ಇಂಥದ್ದನ್ನು ನೋಡಿದರೆ "ಯಾರೋ ಸುತ್ತಿಗೆಯಲ್ಲಿ ಬಡಿದು ಹಾಳು ಮಾಡಿದ್ದಾರೆ" ಅಂತ ಬೆಲೆ ಇಳಿಸುತ್ತಾರೆ. ಬೈತಖೋಲ್ ಬಂದರಿನಲ್ಲಿ ಬಲೆ ಹೊಲಿಯುತ್ತಾ ಕೂತಿದ್ದ ಹಿರಿಯರೊಬ್ಬರ ಕೈಗೆ ಇದನ್ನು ಕೊಟ್ಟೆ. ಅವರು ಬಾಯಿ ನೋಡಲೇ ಇಲ್ಲ, ಸೀದಾ ಬೆನ್ನಿನ ಮೇಲೆ ಬೆರಳು ಆಡಿಸಿದರು. "ದಪ್ಪ ಹಗ್ಗ ಕೊಯ್ದದ್ದು ಮಾರಾಯ್ರೆ" ಅಂದರು. ಹಗ್ಗವನ್ನು ಹಲಗೆ ಮೇಲೆ ಇಡುವುದು, ಅದರ ಮೇಲೆ ಅಲಗು ಇಡುವುದು, ಬೆನ್ನಿಗೆ ಮರದ ತುಂಡಿನಿಂದ ಒಂದು ಏಟು. ಉಜ್ಜುತ್ತಾ ಕೂರುವುದಕ್ಕಿಂತ ಬೇಗ ಆಗುತ್ತದೆ. ಮರದ ತುಂಡು ಸಿಗದಿದ್ದಾಗ ಕೈಗೆ ಸಿಕ್ಕ ಕಬ್ಬಿಣದಲ್ಲೇ ಬಡಿದಿರುತ್ತಾರೆ. ಮೂತಿ ಯಾಕೆ ಮೊಂಡು ಅಂತ ಕೇಳಿದೆ. ಬೋಟ್ ಅಲುಗಾಡುವಾಗ ಚೂಪು ಮೂತಿ ಯಾರ ಹೊಟ್ಟೆಗೆ ಹೋಗಬೇಕು ಅಂತ ನನ್ನನ್ನೇ ಕೇಳಿದರು. ಯುರೋಪಿನ ನಾವಿಕರ ಚಾಕುಗಳೂ ಇದೇ ಆಕಾರದವು, ಕಾರಣವೂ ಇದೇ. ಪುಸ್ತಕ ನೋಡಿಯೂ ಅಷ್ಟನ್ನು ತಿಳಿಯಬಹುದಿತ್ತು. ಬೆನ್ನಿನ ತಗ್ಗುಗಳ ಅರ್ಥ ಮಾತ್ರ ಆ ಬೆರಳಿಗೇ ಗೊತ್ತಿದ್ದದ್ದು.

ಎರಡನೆಯದು ಕಸಿ ಚಾಕು. ಹಿಡಿಯ ಹಿಂದಿನ ತುದಿಯಲ್ಲಿ ಹಿತ್ತಾಳೆಯ ಚಪ್ಪಟೆ ನಾಲಿಗೆ ಕಾಣುತ್ತದಲ್ಲ, ಅದು ಕಣ್ಣು ಕಸಿ ಮಾಡುವಾಗ ತೊಗಟೆ ಎಬ್ಬಿಸಲು. ಅಲಗಿಗೆ ಒಂದೇ ಬದಿಯಲ್ಲಿ ಸಾಣೆ, ಇನ್ನೊಂದು ಬದಿ ಪೂರ್ತಿ ಸಪಾಟು. ಕಡ್ಡಿಯ ಮೇಲಿನ ಕೊಯ್ತ ಅಲೆ ಅಲೆಯಾಗದೆ ನೇರ ಬರಲಿ ಅಂತ ಹಾಗೆ ಮಾಡುತ್ತಾರೆ. ಎರಡು ಕಡ್ಡಿಗಳ ನಡುವೆ ಸಂದು ಉಳಿದರೆ ಕಸಿ ಹಿಡಿಯುವುದಿಲ್ಲ. ಇದು ಒಬ್ಬ ಗೆಳೆಯರ ಹತ್ತಿರ ಬಹಳ ದಿನ ಇತ್ತು. ಸಾಣೆ ಹಿಡಿದವನಿಗೆ ಕೆಲಸ ಬರುತ್ತಿರಲಿಲ್ಲ, ತಪ್ಪು ಬದಿಗೆ ಹಿಡಿದಿದ್ದಾನೆ ಅಂತಲೇ ಎಲ್ಲರೂ ಅಂದುಕೊಂಡಿದ್ದರು. ಶಿರಸಿ ಹತ್ತಿರದ ಕೃಷಿಕರೊಬ್ಬರು ಬಂದರು. ಅಪ್ಪೆಮಿಡಿ ಮಾವಿಗೂ ಜಾಯಿಕಾಯಿಗೂ ಕಸಿ ಕಟ್ಟಿ ಪಳಗಿದ ಕೈ. ಚಾಕು ಬಲಗೈಯಲ್ಲಿ ಹಿಡಿದರು. ಒಂದು ಕಡ್ಡಿಯನ್ನು ಓರೆಯಾಗಿ ಕೊಯ್ದರು, ಮುಖ ಗಂಟು ಹಾಕಿದರು. ಎಡಗೈಗೆ ಬದಲಾಯಿಸಿದರು. ಮತ್ತೆ ಕೊಯ್ದರು. ಕೊಯ್ತ ಕನ್ನಡಿಯ ಹಾಗೆ ಬಂತು. "ತಮಾ, ಇದು ಎಡಚರ ಚಾಕು" ಅಂದರು. ಕಸಿ ಚಾಕುವಿನಲ್ಲಿ ಬಲಗೈಯವರಿಗೆ ಒಂದು ಬದಿ ಸಾಣೆ, ಎಡಗೈಯವರಿಗೆ ಇನ್ನೊಂದು ಬದಿ. ಕಪಾಟಿನ ಗಾಜಿನ ಹಿಂದೆ ಇದ್ದಿದ್ದರೆ ಇನ್ನೂ ನೂರು ವರ್ಷ ಅದು "ಕೆಟ್ಟ ಸಾಣೆಯ ಚಾಕು" ಆಗಿಯೇ ಇರುತ್ತಿತ್ತು.

ಹೊಸಬರು ಇದ್ದೀರಿ, ಒಳಗಿನ ಕೆಲಸ ಸ್ವಲ್ಪ ಹೇಳುತ್ತೇನೆ. ಹಳೆಯ ಕಿಸೆ ಚಾಕುಗಳಲ್ಲಿ ಹೆಚ್ಚಿನವಕ್ಕೆ ತೆರೆದ ಅಲಗನ್ನು ಹಿಡಿದಿಡುವ ಬೀಗ ಇರುವುದಿಲ್ಲ. ಹಿಡಿಯ ಬೆನ್ನಿನಲ್ಲಿ ಉಕ್ಕಿನ ಒಂದು ಪಟ್ಟಿ ಇರುತ್ತದೆ, ಅದೇ ಸ್ಪ್ರಿಂಗು. ಅಲಗಿನ ಬುಡವನ್ನು ಅದು ಸದಾ ಒತ್ತುತ್ತಿರುತ್ತದೆ. ಬುಡದ ಸಪಾಟು ಭಾಗ ಪಟ್ಟಿಗೆ ಕೂತಾಗ "ಟಕ್" ಅನ್ನುತ್ತದೆ, ಅಲಗು ನಿಲ್ಲುತ್ತದೆ. ಆ ಸದ್ದು ಕೇಳಿಯೇ ಅರ್ಧ ಪರೀಕ್ಷೆ ಮುಗಿಯುತ್ತದೆ. ಸದ್ದು ಸತ್ತಿದ್ದರೆ ಸ್ಪ್ರಿಂಗು ಸೋತಿದೆ ಅಥವಾ ಸಂದಿಯಲ್ಲಿ ಕೊಳೆ ತುಂಬಿದೆ. ಜಪಾನಿನ ಹಿಗೊನೊಕಾಮಿ ಎಂಬ ಕಿಸೆ ಚಾಕುವಿನಲ್ಲಿ ಈ ಸ್ಪ್ರಿಂಗೂ ಇಲ್ಲ. ಮಡಚಿದ ಒಂದು ತಗಡೇ ಹಿಡಿ. ಅಲಗಿನ ಬುಡದಿಂದ ಒಂದು ಸಣ್ಣ ಬಾಲ ಹೊರಗೆ ಚಾಚಿರುತ್ತದೆ, ಹೆಬ್ಬೆರಳಲ್ಲಿ ಅದನ್ನು ಒತ್ತಿ ಹಿಡಿದುಕೊಂಡೇ ಕೆಲಸ ಮಾಡಬೇಕು. 1890ರ ದಶಕದಲ್ಲಿ ಮಿಕಿ ಎಂಬ ಊರಿನಲ್ಲಿ ಶುರುವಾದದ್ದು. ಜಪಾನಿನ ಶಾಲೆ ಮಕ್ಕಳು ಪೆನ್ಸಿಲ್ ಚೂಪು ಮಾಡಲು ಇದನ್ನೇ ಇಟ್ಟುಕೊಳ್ಳುತ್ತಿದ್ದರು. 1960ರಲ್ಲಿ ಒಬ್ಬ ಹದಿಹರೆಯದ ಹುಡುಗ ಅಲ್ಲಿನ ರಾಜಕೀಯ ನಾಯಕರೊಬ್ಬರನ್ನು ವೇದಿಕೆಯ ಮೇಲೇ ಇರಿದು ಕೊಂದ. ಅವನ ಕೈಲಿದ್ದದ್ದು ಕಿಸೆ ಚಾಕು ಅಲ್ಲವೇ ಅಲ್ಲ, ಕಿರುಗತ್ತಿ. ಆದರೂ ಮಕ್ಕಳ ಕೈಗೆ ಚಾಕು ಬೇಡ ಅನ್ನುವ ಗಾಳಿ ಬೀಸಿತು, ಶಾಲೆ ಚೀಲದಿಂದ ಹಿಗೊನೊಕಾಮಿ ಹೊರಬಿತ್ತು. ಈಗ ಆ ಹೆಸರಿನಲ್ಲಿ ಮಾಡುವವರು ಮಿಕಿಯಲ್ಲಿ ಒಂದೇ ಮನೆತನದವರು.

ನಮ್ಮಲ್ಲಿ ಏನಿತ್ತು ಅಂತ ಕೇಳುತ್ತೀರಿ. ಪಂಚೆಗೆ ಕಿಸೆ ಎಲ್ಲಿಂದ ಬರಬೇಕು? ನಮ್ಮ ತೋಟ, ಗದ್ದೆಯವರು ಸೊಂಟದ ಹಿಂದೆ ಕತ್ತಿಕೊಕ್ಕೆ ಕಟ್ಟಿಕೊಂಡು ಕತ್ತಿಯನ್ನು ಅದಕ್ಕೇ ಸಿಕ್ಕಿಸುತ್ತಿದ್ದರು. ಎರಡೂ ಕೈ ಖಾಲಿ. ಮರ ಹತ್ತಬಹುದು, ಸೊಪ್ಪಿನ ಹೊರೆ ಹೊರಬಹುದು. ಮಡಚುವುದರ ಅಗತ್ಯವೇ ಇರಲಿಲ್ಲ. ಆದರೆ ಕೀಲು ಇಟ್ಟು, ಎರಡು ಕಬ್ಬಿಣ ಜೋಡಿಸಿ, ಬಿಗಿ ಹೆಚ್ಚೂ ಆಗದೆ ಕಡಿಮೆಯೂ ಆಗದೆ ಹದ ಮಾಡುವ ವಿದ್ಯೆ ನಮ್ಮವರಿಗೆ ಚೆನ್ನಾಗಿಯೇ ಗೊತ್ತಿತ್ತು. ಕವಳದ (ಎಲೆ ಅಡಿಕೆಯ) ಬಟ್ಟಲು ತೆಗೆಯಿರಿ, ಅಡಕತ್ತರಿ ಅಲ್ಲೇ ಇದೆ. ನನ್ನ ಪ್ರಕಾರ ಉತ್ತರ ಕನ್ನಡದಲ್ಲಿ ಕಿಸೆ ಚಾಕು ಕೂಡಿಡುವವರು ಅಡಕತ್ತರಿಯನ್ನು ಬಿಟ್ಟರೆ ಸಂಗ್ರಹ ಅರ್ಧಕ್ಕೇ ನಿಂತ ಹಾಗೆ.

ಈ ಅಡಕತ್ತರಿಯನ್ನು ಹತ್ತಿರದಿಂದ ನೋಡಿ. ಹಿತ್ತಾಳೆ ಮೈ, ಗಿಳಿಯ ಆಕಾರ. ಅಂಗಡಿಯವರು ಗಿಳಿಗೆ ಬೆಲೆ ಹೇಳುತ್ತಾರೆ. ನೀವು ಕೀಲು ನೋಡಿ. ಕೀಲಿನ ತಲೆಯನ್ನು ಮತ್ತೆ ಬಡಿದು ಬಿಗಿ ಮಾಡಿದ ಗುರುತು ಇದೆ, ಅಂದರೆ ಒಮ್ಮೆ ಸಡಿಲಾಗುವಷ್ಟು ದುಡಿದಿದೆ. ಉಕ್ಕಿನ ಬಾಯಿ ನಡುವೆ ಸ್ವಲ್ಪ ಒಳಗೆ ಸವೆದಿದೆ, ಅಡಿಕೆ ಕೂರುವ ಜಾಗ ಅದೇ. ಕೆಳಗಿನ ಹಿಡಿಯ ಒಂದು ಬದಿ ಮಾತ್ರ ನುಣುಪು. ಯಾರೋ ಒಬ್ಬರು, ಒಂದೇ ರೀತಿ ಹಿಡಿದು, ವರ್ಷಗಟ್ಟಲೆ ಅಡಿಕೆ ಹೋಳು ಮಾಡಿದ್ದಾರೆ. ಹೊಸದನ್ನು ಆಸಿಡ್‌ಗೆ ಅದ್ದಿ "ಆಂಟಿಕ್" ಅಂತ ಮಾರುವವರು ಸವೆತವನ್ನು ಎಲ್ಲ ಕಡೆ ಒಂದೇ ಸಮ ಮಾಡಿರುತ್ತಾರೆ. ಕೆಲಸ ಮಾಡಿದ ಕೈ ಹಾಗೆ ಸವೆಸುವುದಿಲ್ಲ.

ಇನ್ನು ಇಂಗ್ಲೆಂಡಿನ ಮಾಲು. 1862ರಲ್ಲಿ ನಮ್ಮ ಜಿಲ್ಲೆಯನ್ನು ಮದ್ರಾಸಿನಿಂದ ತೆಗೆದು ಮುಂಬೈ ಪ್ರಾಂತ್ಯಕ್ಕೆ ಸೇರಿಸಿದರು. ಮುಂಬೈ ಜೊತೆ ಸಮುದ್ರದ ಮೇಲೇ ಓಡಾಟ. ಹಾಗಾಗಿ ಇಲ್ಲಿನ ಹಳೆ ಮನೆಯ ಪೆಟ್ಟಿಗೆಯಲ್ಲಿ ಶೆಫೀಲ್ಡ್ ಚಾಕು ಸಿಕ್ಕರೆ ಬೆರಗಾಗಬೇಕಾಗಿಲ್ಲ. ಅಲಗಿನ ಬುಡದಲ್ಲಿ ಮುದ್ರೆ ಇರುತ್ತದೆ, ಭೂತಗನ್ನಡಿ ಹಿಡಿದು ನೋಡಿ. ಒಂದು ನಕ್ಷತ್ರ, ಪಕ್ಕದಲ್ಲಿ ಮಾಲ್ಟೀಸ್ ಶಿಲುಬೆ (ನಾಲ್ಕೂ ತೋಳು ತುದಿಗೆ ಅಗಲವಾಗುವ ಶಿಲುಬೆ) ಇದ್ದರೆ ಅದು ಜೋಸೆಫ್ ರಾಜರ್ಸ್ ಕಂಪನಿಯ ಗುರುತು. ಕಿರೀಟದ ಎರಡೂ ಬದಿಗೆ ವಿ, ಆರ್ ಅಕ್ಷರ ಇದ್ದರೆ ವಿಕ್ಟೋರಿಯಾ ರಾಣಿಯ ಕಾಲ, 1901ರ ಒಳಗೆ. ಇ, ಆರ್ ಇದ್ದರೆ ಎಡ್ವರ್ಡ್, 1910ರವರೆಗೆ. ಜಿ, ಆರ್ ಅಂದರೆ ಸಾಮಾನ್ಯವಾಗಿ ಅಲ್ಲಿಂದ ಮುಂದೆ. "ಸ್ಟೇನ್‌ಲೆಸ್" ಅಂತ ಕೊರೆದಿದ್ದರೆ 1913ಕ್ಕಿಂತ ಹಳೆಯದಾಗಲು ಸಾಧ್ಯವಿಲ್ಲ, ಶೆಫೀಲ್ಡಿನಲ್ಲಿ ಹ್ಯಾರಿ ಬ್ರಿಯರ್ಲಿ ಆ ಉಕ್ಕು ಮಾಡಿದ್ದೇ ಆ ವರ್ಷ. "ನಮ್ಮಜ್ಜನ ಅಜ್ಜನದು" ಅಂತ ತಂದ ಎಷ್ಟೋ ಚಾಕುಗಳು ಈ ಒಂದು ಪದದಲ್ಲೇ ಎರಡು ತಲೆಮಾರು ಕೆಳಗೆ ಇಳಿದಿವೆ. ಇದೇ ರಾಜರ್ಸ್ ಕಂಪನಿ 1822ರಲ್ಲಿ 1822 ಅಲಗುಗಳ ಒಂದು ಚಾಕು ಮಾಡಿತ್ತು, ಇಸವಿ ಏರಿದ ಹಾಗೆ ಅಲಗು ಸೇರಿಸುತ್ತಾ ಹೋದರು. ನನಗೆ ಅದರ ಮೇಲೆ ಅಂಥ ಪ್ರೀತಿ ಇಲ್ಲ. ಅದರಲ್ಲಿ ಒಂದು ಮಾವಿನಕಾಯಿ ಕೊಯ್ಯಲಿಕ್ಕೂ ಆಗುವುದಿಲ್ಲ.

ಸ್ವಿಸ್ ಚಾಕುವಿನ ಕಥೆ ಎಲ್ಲರಿಗೂ ಗೊತ್ತು, ಬೇಗ ಮುಗಿಸುತ್ತೇನೆ. ಕಾರ್ಲ್ ಎಲ್ಸೆನರ್ 1884ರಲ್ಲಿ ಕಾರ್ಯಾಗಾರ ತೆರೆದರು. 1891ರಲ್ಲಿ ಸೈನಿಕರಿಗೆ ಚಾಕು ಕೊಟ್ಟರು. ನಮಗೆಲ್ಲ ಪರಿಚಯದ ಆಫೀಸರ್ ಚಾಕುವನ್ನು 1897ರ ಜೂನ್ 12ರಂದು ನೋಂದಾಯಿಸಿದರು. ಫ್ರಾನ್ಸಿನ ಲಗಿಯೋಲ್ ಚಾಕು ಕೊಳ್ಳುವವರಿಗೆ ಒಂದೇ ಎಚ್ಚರಿಕೆ. ಲಗಿಯೋಲ್ ಒಂದು ಹಳ್ಳಿಯ ಹೆಸರು, ಆ ಹೆಸರನ್ನು ಕಂಡಕಂಡವರೆಲ್ಲ ಬಳಸಿದ್ದಾರೆ. ಬೆನ್ನಿನ ಮೇಲೆ ಲೋಹದ ಜೇನುನೊಣ ಕೂತಿದೆ ಅಂತ ದುಡ್ಡು ಕೊಡಬೇಡಿ. ಸ್ಪ್ರಿಂಗು, ಸಂದು, ಅಲಗು ಮಧ್ಯಕ್ಕೆ ಕೂರುತ್ತದೆಯೇ, ಇಷ್ಟು ನೋಡಿ ಕೊಡಿ.

ಈಗ ನಮ್ಮ ದೊಡ್ಡ ಶತ್ರುವಿನ ವಿಷಯ. ಕಾರವಾರದ ಗಾಳಿ. ಉಪ್ಪೂ ಇದೆ, ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ತೇವವೂ ಇದೆ. ಹಳೆ ಅಲಗುಗಳು ಕಾರ್ಬನ್ ಉಕ್ಕು, ಹರಿತ ಚೆನ್ನಾಗಿ ಹಿಡಿಯುತ್ತವೆ, ತುಕ್ಕೂ ಅಷ್ಟೇ ಬೇಗ. ಆದರೆ ಬಣ್ಣ ಬದಲಾದದ್ದೆಲ್ಲ ತುಕ್ಕಲ್ಲ. ಹೊಸ ಕಾರ್ಬನ್ ಅಲಗಿನಲ್ಲಿ ಒಂದು ಅಪ್ಪೆಮಿಡಿ ಕೊಯ್ದು ನೋಡಿ. ಸ್ವಲ್ಪ ಹೊತ್ತಿಗೆ ಬಾಯಿಯ ಹತ್ತಿರ ನೀಲಿ ಏಳುತ್ತದೆ, ಆಮೇಲೆ ಬೂದು, ಆಮೇಲೆ ಕಪ್ಪು. ಮುರುಗಲು, ಲಿಂಬು ಕೊಯ್ದರೂ ಹೀಗೇ. ಆ ಕಪ್ಪು ಪದರ ಅಲಗನ್ನು ಒಂದಷ್ಟು ಕಾಯುತ್ತದೆ. ತಿನ್ನುವುದು ಕೆಂಪು. ಕೆಂಪನ್ನು ಮಾತ್ರ ಎಣ್ಣೆ ಹಚ್ಚಿ ಮೆತ್ತಗೆ ಉಜ್ಜಿ ತೆಗೆಯಿರಿ, ಕಪ್ಪನ್ನು ಮುಟ್ಟಬೇಡಿ. ಚಾಕು ಫಳಫಳ ಹೊಳೆಯಲಿ ಅಂತ ಬಫಿಂಗ್ ಮಾಡಿಸುವವರನ್ನು ಕಂಡರೆ ನನಗೆ ಸಿಟ್ಟೇ ಬರುತ್ತದೆ. ಬುಡದ ಮುದ್ರೆ ಅಳಿಸುತ್ತದೆ, ಏಣುಗಳು ಉರುಟಾಗುತ್ತವೆ, ತೆಳು ಬಾಯಿ ಬಿಸಿಯಾದರೆ ಕಮ್ಮಾರ ಹಾಕಿದ ಹದವೂ ಹೋಗುತ್ತದೆ. ಕುಲುಮೆಯಲ್ಲಿ ಕಾಸಿ, ನೀರಿಗೋ ಎಣ್ಣೆಗೋ ಅದ್ದಿ, ಮತ್ತೆ ಹದವಾಗಿ ಕಾಸಿ ತಂದ ಗಟ್ಟಿತನ ಅದು. ಗಿರಣಿ ಚಕ್ರದ ಮುಂದೆ ಎರಡು ನಿಮಿಷ ಸಾಕು ಅದನ್ನು ಕಳೆಯಲು.

ಎಣ್ಣೆ ಯಾವುದು ಅಂತ ಎಲ್ಲ ಸಲವೂ ಕೇಳುತ್ತಾರೆ. ಕೈಗೆ ಸಿಗುವುದು ಕೊಬ್ಬರಿ ಎಣ್ಣೆ, ಆದರೆ ಬೇಡ. ದಿನ ಹೋದ ಹಾಗೆ ಕಮಟು ಹಿಡಿದು ಅಂಟಾಗುತ್ತದೆ, ಧೂಳು ಕೂಡುತ್ತದೆ. ಕೀಲಿಗೆ ಹೊಲಿಗೆ ಮಷಿನ್ ಎಣ್ಣೆ ಒಂದು ಹನಿ. ಹಣ್ಣು, ತರಕಾರಿ ಕೊಯ್ಯುವ ಅಲಗಿಗೆ ಮೆಡಿಕಲ್ ಶಾಪಿನಲ್ಲಿ ಸಿಗುವ ಲಿಕ್ವಿಡ್ ಪ್ಯಾರಾಫಿನ್ ಸಾಕು. ಚರ್ಮದ ಒರೆಯಲ್ಲಿ ಹಾಕಿ ವರ್ಷಗಟ್ಟಲೆ ಇಡಬೇಡಿ. ಚರ್ಮ ತೇವ ಎಳೆದುಕೊಳ್ಳುತ್ತದೆ, ಅಲಗಿಗೆ ತುಕ್ಕು, ಹಿತ್ತಾಳೆಗೆ ಹಸಿರು ಕಿಲುಬು.

ಇನ್ನೊಂದು ಅಪಾಯ ಮೂಗಿಗೆ ಗೊತ್ತಾಗುತ್ತದೆ. ಬಣ್ಣಬಣ್ಣದ, ಮುತ್ತಿನ ಹೊಳಪಿನ ಹಳೆ ಹಿಡಿಗಳು ಇರುತ್ತವಲ್ಲ, ಅವುಗಳಲ್ಲಿ ಕೆಲವು ಸೆಲ್ಯುಲಾಯ್ಡ್. ಬೆರಳಲ್ಲಿ ಉಜ್ಜಿ ಮೂಸಿದರೆ ಕರ್ಪೂರದ ವಾಸನೆ ಬರುತ್ತದೆ, ಅದನ್ನು ಮಾಡುವಾಗ ಕರ್ಪೂರ ಸೇರಿಸಿರುತ್ತಾರೆ. ಹಳತಾದಾಗ ಅದು ಒಳಗಿನಿಂದಲೇ ಕೆಡುತ್ತದೆ, ಆಮ್ಲದ ಆವಿ ಬಿಡುತ್ತದೆ. ಮುಚ್ಚಿದ ಡಬ್ಬಿಯಲ್ಲಿ ಇಂಥ ಒಂದು ಚಾಕು ಇದ್ದರೆ ಅಕ್ಕಪಕ್ಕದ ಅಲಗುಗಳಿಗೆಲ್ಲ ತುಕ್ಕು. ಬೆಂಕಿಯೂ ಬೇಗ ಹಿಡಿಯುತ್ತದೆ. ಬೇರೆ ಇಡಿ, ಗಾಳಿ ಆಡುವ ಕಡೆ ಇಡಿ.

ಮರದ ಹಿಡಿಯವರಿಗೆ ಮಳೆಗಾಲದ ತಾಪತ್ರಯ ಬೇರೆ. ಫ್ರಾನ್ಸಿನ ಸವೊಯ್ ಪ್ರಾಂತ್ಯದ ಒಪಿನೆಲ್ ನಮ್ಮಲ್ಲಿ ಹಲವರ ಹತ್ತಿರ ಇದೆ. 1890ರಲ್ಲಿ ಶುರುವಾದ ಚಾಕು, ಬೀಚ್ ಮರದ ಹಿಡಿ, ಹಿಡಿಯ ಕುತ್ತಿಗೆಗೆ ಸುತ್ತಿದ ಉಂಗುರ ತಿರುಗಿಸಿದರೆ ಬೀಗ. ಆ ಉಂಗುರ ಬಂದದ್ದು 1955ರಲ್ಲಿ. ಆಷಾಢದಲ್ಲಿ ಹಿಡಿ ನೀರು ಕುಡಿದು ಉಬ್ಬುತ್ತದೆ, ಅಲಗು ಒಳಗೇ ಕಚ್ಚಿಕೊಳ್ಳುತ್ತದೆ. ಉಗುರು ಮುರಿದುಕೊಳ್ಳಬೇಡಿ, ಇಕ್ಕಳವಂತೂ ಬೇಡವೇ ಬೇಡ. ಉಂಗುರವನ್ನು ತೆರೆದ ಜಾಗಕ್ಕೆ ತಂದು ಹಿಡಿಯ ಹಿಂದಿನ ತುದಿಯನ್ನು ಮೇಜಿನ ಅಂಚಿಗೆ ಒಮ್ಮೆ ಕುಟ್ಟಿ. ಅಲಗು ತಾನಾಗಿ ಸ್ವಲ್ಪ ಹೊರಬರುತ್ತದೆ. ಸವೊಯ್ ಜನ ಇದನ್ನೇ ಮಾಡುತ್ತಾರೆ. ನಮ್ಮ ಮಳೆ ನೋಡದೆಯೇ ಕಂಡುಹಿಡಿದ ಉಪಾಯ!

ಜಿಂಕೆ ಕೊಂಬಿನ ಹಿಡಿಯ ಬಗ್ಗೆ ಒಬ್ಬರು ಕೇಳಿದರು. ಶೆಫೀಲ್ಡಿನವರೂ ಜರ್ಮನಿಯವರೂ ಬಳಸುತ್ತಿದ್ದ ಒಳ್ಳೆ ಕೊಂಬು ನಮ್ಮ ಕಡವೆಯದೇ. ಈಗ ಅದು ವನ್ಯಜೀವಿ ಸಂರಕ್ಷಣಾ ಕಾಯ್ದೆಯ ವಿಷಯ. ಮಾರುವಂತಿಲ್ಲ, ಕೊಳ್ಳುವಂತಿಲ್ಲ. ಕಾಡಿನಲ್ಲಿ ತಾನಾಗಿ ಉದುರಿ ಬಿದ್ದ ಕೊಂಬನ್ನೂ ಎತ್ತಿ ತರುವಂತಿಲ್ಲ. ಕಾಡಿನ ನಡುವೆಯೇ ಇರುವ ಜಿಲ್ಲೆಯವರು ನಾವು, ಈ ಆಸೆಯನ್ನು ಇಟ್ಟುಕೊಳ್ಳದೇ ಇರುವುದು ಒಳ್ಳೆಯದು. ಎಮ್ಮೆ ಕೊಂಬಿನ ಹಿಡಿ ಎಷ್ಟು ಚಂದ ಬರುತ್ತದೆ ಅಂತ ಆ ಮೂಲೆಯಲ್ಲಿ ಇಟ್ಟಿದ್ದೇನೆ, ನೋಡಿ.

ಹತ್ತು ಜನ ಸೇರಿ ಹೀಗೆ ನೋಡುವಾಗ ಕೆಲವು ರೀತಿ ರಿವಾಜು ಬೇಕಾಗುತ್ತದೆ. ಮಡಚಿಯೇ ಕೊಡಿ. ಕೈಯಿಂದ ಕೈಗೆ ಚಾಕು ಕೊಟ್ಟರೆ ಜಗಳ ಆಗುತ್ತದೆ ಅಂತ ನಮ್ಮ ಹಿರಿಯರು ಕೆಳಗೆ ಇಡುತ್ತಿದ್ದರು, ತೆಗೆದುಕೊಳ್ಳುವವರು ಅಲ್ಲಿಂದ ಎತ್ತಿಕೊಳ್ಳಬೇಕು. ಯುರೋಪಿನಲ್ಲಿ ಚಾಕು ಉಡುಗೊರೆ ಕೊಟ್ಟರೆ ಸ್ನೇಹ ಕಡಿಯುತ್ತದೆ ಅಂತ ಪ್ರತಿಯಾಗಿ ಒಂದು ಕಾಸು ಕೊಡುತ್ತಾರೆ. ನನಗೆ ನಮ್ಮದೇ ಹೆಚ್ಚು ಇಷ್ಟ, ಬೆರಳಾದರೂ ಉಳಿಯುತ್ತದೆ. ತೆರೆಯುವ ಮೊದಲು ಕೇಳಿ. ಮುಚ್ಚುವಾಗ ಅಲಗನ್ನು "ಫಟ್" ಅಂತ ಬಿಡಬೇಡಿ, ಅಲಗಿನ ಬಾಯಿ ಹಿಡಿಯೊಳಗಿನ ಸ್ಪ್ರಿಂಗಿಗೆ ಬಡಿದು ಕಚ್ಚು ಬೀಳುತ್ತದೆ. ನೋಡಿ ಆದ ಮೇಲೆ ಬಟ್ಟೆಯಲ್ಲಿ ಒರೆಸಿ ಇಡಿ, ಈ ಊರಿನ ಬೆವರು ಸಣ್ಣದಲ್ಲ.

ಮತ್ತೆ, ಚಾಕು ಕೈ ಬದಲಾಗುವಾಗ ಜೊತೆಗೆ ಒಂದು ಚೀಟಿ ಹೋಗಲಿ. ಬೆಲೆ ಬರೆಯಬೇಡಿ, ಅದು ಯಾರಿಗೂ ಉಪಯೋಗ ಇಲ್ಲ. ಯಾವ ಊರಿನ ಮನೆಯಲ್ಲಿ ಸಿಕ್ಕಿತು, ಅಲ್ಲಿ ಯಾವ ಕೆಲಸ ಮಾಡುತ್ತಿತ್ತು, ಆಮೇಲೆ ಯಾರು ನೋಡಿ ಏನು ಹೇಳಿದರು, ಇದನ್ನು ಬರೆಯಿರಿ. "ಅಜ್ಜನ ಕಾಲದ್ದು" ಅಂತ ಬರೆದರೆ ಏನೂ ಬರೆದ ಹಾಗಾಗಲಿಲ್ಲ. "ಅಜ್ಜ ಇದರಲ್ಲಿ ಬಾಳೆನಾರು ಸೀಳುತ್ತಿದ್ದ" ಅಂತ ಬರೆದರೆ ಅಲಗಿನ ತುದಿ ಮಾತ್ರ ಯಾಕೆ ಸವೆದಿದೆ ಅಂತ ಮುಂದಿನವರಿಗೆ ತಿಳಿಯುತ್ತದೆ. ಆ ಕಸಿ ಚಾಕುವಿನ ಚೀಟಿಯಲ್ಲಿ ಈಗ ಎಡಚರದ್ದು ಅಂತ ಸೇರಿದೆ.

ವಿಮಾನದ ಪ್ರಶ್ನೆ ಬಂತು. ಗೋವಾದ ವಿಮಾನ ನಿಲ್ದಾಣಗಳಾದ ದಾಬೋಳಿಗೋ ಮೋಪಾಕ್ಕೋ ಹೋಗುವವರು ಕಿಸೆಯನ್ನು ಮನೆಯಲ್ಲೇ ತಡಕಿ ನೋಡಿಕೊಳ್ಳಿ. ಕೈಚೀಲದಲ್ಲಿ ಎರಡು ಇಂಚಿನ ಪೆನ್‌ನೈಫ್ ಇದ್ದರೂ ತಪಾಸಣೆಯಲ್ಲಿ ತೆಗೆದಿಡುತ್ತಾರೆ. ಲಗೇಜಿಗೆ ಕೊಡುವ ಪೆಟ್ಟಿಗೆಯಲ್ಲಿ ಸುತ್ತಿ ಹಾಕಿ.

ಮುಂದಿನ ಸಲ ಸೇರುವುದು ಶಿರಸಿಯಲ್ಲಿ. ಕತ್ತಿಕೊಕ್ಕೆ ಇದ್ದವರು ತನ್ನಿ, ಮರದ್ದಾದರೂ ಸರಿ, ಹಿತ್ತಾಳೆಯದಾದರೂ ಸರಿ. ಸಾಧ್ಯವಾದರೆ ಅದನ್ನು ಕಟ್ಟಿಕೊಂಡು ಕೆಲಸ ಮಾಡಿದವರನ್ನೂ ಕರೆದುಕೊಂಡು ಬನ್ನಿ. ಬಸ್ಸಿನ ಖರ್ಚು ನಾವು ಹಂಚಿಕೊಳ್ಳೋಣ.